ಒಂಬತ್ತನೆಯ ತುಣುಕಿನ ಹಮ್ಮಿಂಗ್

ಒಂದು ಭಾನುವಾರ ಮಗಳು ಮೂಡುಬಿದಿರೆಯಿಂದ ಬಂದು, "ಅಪ್ಪ, ಒಂದು ಆಲ್ಬಂ ಉಂಟು. ನಿಮ್ಮ ಒಳ್ಳೆ ಬಾಕ್ಸಲ್ಲಿ ಹಾಕಿ ಒಟ್ಟಿಗೆ ಕೇಳುವ" ಎಂದಾಗ ನನಗಾದ ಖುಷಿಯನ್ನು ಹೊರಗೆ ತೋರಿಸಲಿಲ್ಲ. ತೋರಿಸಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬ ಹೆದರಿಕೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷ ಮಗಳು ನನ್ನೊಡನೆ ಫೋನಿನಲ್ಲಿ ಆಡುತ್ತಿದ್ದದ್ದು ಎರಡೇ ಮಾತು: ಊಟ ಆಯಿತಾ, ಬಿಪಿ ಮಾತ್ರೆ ತಗೊಂಡಿರಾ. ಮೂರನೆಯ ಮಾತು ಬರುತ್ತದೋ ಎಂದು ಕಾಯುತ್ತಿದ್ದೆ, ಬರುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಇವತ್ತಾದರೂ ಮೊದಲಿನ ಹಾಗೆ ಮಾತಾಡಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ನನ್ನದು ವಾಮದಪದವಿನಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮೂವತ್ತು ವರ್ಷದಿಂದ ಮದುವೆ, ಭೂತಕೋಲ, ಉರೂಸು, ಶಾಲೆಯ ವಾರ್ಷಿಕೋತ್ಸವ ಎಲ್ಲದಕ್ಕೂ ಸ್ಪೀಕರ್ ಬಾಕ್ಸು ಹೊತ್ತವನು. ಸೌಂಡಿನ ವಿಷಯದಲ್ಲಿ ನನಗೆ ಜಂಭ ಸ್ವಲ್ಪ ಹೆಚ್ಚೇ. ಊರಿನ ಉಳಿದ ಮೈಕಿನವರಿಗೆ ಕಿವಿಯೇ ಇಲ್ಲ ಎಂದು ಎದುರೆದುರೇ ಹೇಳಿ ಜಗಳ ಮಾಡಿಕೊಂಡವನು ನಾನು.

ಅಂಗಡಿಯ ಹಿಂದಿನ ಗೋಡೌನಿನಲ್ಲಿ ವಯರಿನ ಸುರುಳಿಗಳನ್ನು ಆಚೆ ಸರಿಸಿ ಎರಡು ಕುರ್ಚಿ ಹಾಕಿದೆ. ಅವಳ ಫೋನನ್ನು ಮಿಕ್ಸರಿಗೆ ಜೋಡಿಸಿದೆ. ಎಲ್ಲೆಲ್ಲಿಯೋ ಇರುವ ಹನ್ನೆರಡು ಮಂದಿ ತಲಾ ಒಂದೊಂದು ತುಣುಕು ಮಾಡಿ ಸೇರಿಸಿದ ಆಲ್ಬಂ ಅಂತೆ. ಹಾಡಿಲ್ಲ, ತಾಳವಿಲ್ಲ. ಸುತ್ತಲಿನ ಶಬ್ದಗಳನ್ನು ಹಿಡಿದು ಕಂಪ್ಯೂಟರಿನಲ್ಲಿ ಎಳೆದು, ಹಿಂಜಿ, ಮತ್ತೆ ಹೊಸೆದದ್ದು. ಒಂಬತ್ತನೆಯದು ತನ್ನದು ಎಂದಳು. ಇವಳಿಗೆ ಇಂಥ ಹುಚ್ಚು ಇರುವುದೇ ನನಗೆ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ಎಂದಷ್ಟೇ ತಿಳಿದಿದ್ದೆ.

ಮೊದಲನೆಯದು ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರುವ ಶಬ್ದ, ಎಂಟು ನಿಮಿಷ. "ಕಾರ್ಯಕ್ರಮ ಯಾವಾಗ ಶುರು?" ಎಂದೆ. ಅವಳು ನಕ್ಕಳು. ನನಗೆ ಅದೇ ಸಾಕಿತ್ತು. ಎರಡನೆಯದರಲ್ಲಿ ಟ್ಯಾಂಕಿಗೆ ನೀರು ತೊಟ್ಟಿಕ್ಕಿತು. ಮೂರನೆಯದರ ತಲೆಬುಡ ತಿಳಿಯಲಿಲ್ಲ. ಐದನೆಯದರಲ್ಲಿ ಒಂದೇ ಸ್ವರ ನಿಧಾನವಾಗಿ ತುಂಬುತ್ತಾ ಬಂದಾಗ ಮಾತ್ರ ತಮಾಷೆ ನಿಲ್ಲಿಸಿದೆ. ಮದುವೆ ಹಾಲಿಗೆ ಜನ ಬರುವ ಮೊದಲು, ಖಾಲಿ ಕುರ್ಚಿಗಳ ನಡುವೆ ನಿಂತು ಬಾಕ್ಸು ಟೆಸ್ಟ್ ಮಾಡುವ ಹೊತ್ತು ನನಗೆ ಯಾವತ್ತೂ ಇಷ್ಟ. ಇದು ಹಾಗೆಯೇ ಇತ್ತು. ಅವಳಿಗೆ ಹೇಳಿದೆ. "ಹೌದಾ?" ಎಂದು ನನ್ನತ್ತ ತಿರುಗಿ ಕೂತಳು.

ಒಂಬತ್ತನೆಯದು ಶುರುವಾಯಿತು. ಬರೀ ಗುಂಯ್ ಎನ್ನುವ ಹಮ್ಮಿಂಗ್. ಮೈಕಿನವನ ಕೈ ಹಮ್ಮಿಂಗ್ ಕೇಳಿದರೆ ಸುಮ್ಮನಿರುವುದಿಲ್ಲ. "ಅರ್ತಿಂಗ್ ಸರಿ ಇಲ್ಲ ಮಾರಾಯ್ತಿ, ಇದನ್ನು ಹೀಗೇ ಹಾಕಿದ್ದೀಯಾ?" ಎನ್ನುತ್ತಾ ಮಿಕ್ಸರಿನಲ್ಲಿ ಬಾಸ್, ಅಂದರೆ ದಪ್ಪ ಶಬ್ದ, ಪೂರ್ತಿ ಇಳಿಸಿಬಿಟ್ಟೆ. ಹಮ್ಮಿಂಗ್ ಹೋಯಿತು. ಅದರ ಜೊತೆ ಎಲ್ಲವೂ ಹೋಯಿತು. ಬಾಕ್ಸಿನಿಂದ ಏನೂ ಬರುತ್ತಿರಲಿಲ್ಲ. ವಯರು ಕಳಚಿತೋ ಎಂದು ಬಗ್ಗಿ ನೋಡಿದೆ.

ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. "ಈಗ ಅಮ್ಮನ ಸ್ವರ ಇನ್ನೂ ಸ್ಪಷ್ಟ ಕೇಳ್ತದೆ" ಎಂದಳು.

ನಾನು ಬಾಕ್ಸಿನ ಬುಡಕ್ಕೆ ಹೋಗಿ ಕೂತೆ. ಏನೂ ಇಲ್ಲ. ಆಮೇಲೆ ಒಮ್ಮೆಲೇ ಒಂದು ಗಂಡು ಸ್ವರ "ಆವು" ಎಂದಿತು. ತುಳುವಿನಲ್ಲಿ ಹಾಗೆಂದರೆ ಆಯಿತು ಎಂದು. ಆ ಸ್ವರ ನನ್ನದು. ಬಳಿಕ ಚಪ್ಪಲಿಯ ಸಪ್ಪಳ, ಬಾಗಿಲು, ನನ್ನ ಪಿಕಪ್ ಸ್ಟಾರ್ಟ್ ಆಗಿ ಹೋದ ಶಬ್ದ.

ಆಗ ಹೊಳೆಯಿತು. ನಾನು ಕತ್ತರಿಸಿದ ಹಮ್ಮಿಂಗ್ ಆಕ್ಸಿಜನ್ ಮಷಿನಿನದ್ದು. ಬೀಡಿ ಕಟ್ಟಿ ಕಟ್ಟಿ ಎದೆ ಹಾಳಾದ ಹೆಂಡತಿಯ ಮಂಚದ ಪಕ್ಕ ಅದು ನಾಲ್ಕು ತಿಂಗಳು ಓಡಿತ್ತು. ರಜೆ ಹಾಕಿ ಬಂದಿದ್ದ ಮಗಳು ಅದರ ಶಬ್ದ ಹಿಡಿಯಲೆಂದು ಫೋನನ್ನು ಅಲ್ಲಿಟ್ಟು, ಗಂಜಿ ಬೇಯಿಸಲು ಒಳಗೆ ಹೋಗಿದ್ದಳಂತೆ. ಅದರಲ್ಲಿ ಏನಿದೆ ಎಂದು ಅವಳು ಹಾಕಿ ಕೇಳಿದ್ದು ಅಮ್ಮನ ಉತ್ತರಕ್ರಿಯೆ, ಬೊಜ್ಜವೆಲ್ಲ ಮುಗಿದ ಮೇಲೆ.

"ಅಮ್ಮ ಅಷ್ಟು ಕೇಳಿಕೊಂಡ್ರು. ನೀವು ಆಯ್ತು ಅಂತ ಹೇಳಿ ಎದ್ದು ಹೋದಿರಿ" ಎಂದಳು. "ಎರಡು ವರ್ಷದಿಂದ ನನಗೆ ಇದೊಂದೇ ತಲೆಯಲ್ಲಿ. ಇದನ್ನು ಕೇಳುವಾಗ ನಿಮ್ಮ ಮುಖ ಹೇಗಾಗ್ತದೆ ಅಂತ ನೋಡ್ಲಿಕ್ಕೇ ಬಂದದ್ದು."

"ಅವಳು ಏನು ಕೇಳಿದ್ದು?" ಎಂದೆ.

ಮಗಳು ನನ್ನನ್ನೇ ದಿಟ್ಟಿಸಿದಳು. ವಾಲ್ಯೂಮ್ ಏರಿಸಿ ಮತ್ತೆ ಹಾಕಿದಳು. "ಈಗ ಕೇಳ್ತದಾ?" ಇಲ್ಲ. ಇನ್ನೂ ಏರಿಸಿದಳು. "ಈಗ?" ಇಲ್ಲ. ನನ್ನ "ಆವು" ಮಾತ್ರ ಪ್ರತಿ ಸಲ ಇನ್ನಷ್ಟು ಜೋರಾಗಿ ಬಂದು ಗೋಡೌನಿನ ತಗಡು ನಡುಗಿಸಿತು. ನನಗೆ ಕೇಳುವುದೇ ಇಲ್ಲವೆಂದು ಅವಳಿಗೆ ಆಗ ಅರ್ಥವಾಯಿತು. ಫೋನ್ ನಿಲ್ಲಿಸಿ, ನನ್ನ ಪಕ್ಕ ನೆಲದ ಮೇಲೆ ಕೂತು, ಅಮ್ಮನ ಮಾತನ್ನು ತಾನೇ ಹೇಳಿದಳು:

"ಇವತ್ತು ಹೋಗ್ಬೇಡಿ. ನನಗೆ ಹೆದರಿಕೆ ಆಗ್ತದೆ. ಸ್ವಲ್ಪ ಹೊತ್ತು ಇಲ್ಲೇ ಕೂತುಕೊಳ್ಳಿ."

ಕಾರ್ಯಕ್ರಮದ ಗದ್ದಲದಲ್ಲಿ ಯಾರು ಬಂದು ಏನೇ ಹೇಳಲಿ, ತಲೆ ಆಡಿಸಿ "ಆವು" ಎನ್ನುವುದು ಮೈಕಿನವರ ಚಾಳಿ. ಸೌಂಡ್ ಏರಿಸಿ ಎಂದಿರುತ್ತಾರೆ, ಇಲ್ಲವೇ ಇಳಿಸಿ ಎಂದಿರುತ್ತಾರೆ. ಮನೆಯಲ್ಲಿಯೂ ಹಾಗೇ ಮಾಡಿದ್ದೆ. ಹೆಂಡತಿಯ ತುಟಿ ಅಲುಗಿದ್ದು ಕಂಡಿತ್ತು, ಶಬ್ದ ಮಷಿನಿನಲ್ಲಿ ಮುಳುಗಿತು ಎಂದುಕೊಂಡಿದ್ದೆ. ತಪ್ಪು ಮಷಿನಿನದ್ದಲ್ಲ, ಮೂವತ್ತು ವರ್ಷ ಬಾಕ್ಸಿನ ಬುಡದಲ್ಲಿ ನಿಂತು ಸಣ್ಣ ಸ್ವರ ಕೇಳದಂತಾದ ನನ್ನ ಕಿವಿಯದ್ದು ಎಂದು ತಿಳಿದದ್ದು ಈಗ. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. "ಕೇಳದಿದ್ರೆ ನೀವಾದರೂ ಏನು ಮಾಡ್ತೀರಿ ಅಪ್ಪ? ನಾನು ಸುಮ್ಮನೆ ನಿಮ್ಮ ಮೇಲೆ..." ಎಂದಳು. ಆಮೇಲೆ ಸಂಜೆಯವರೆಗೂ ಮಾತಾಡಿದಳು, ಹಳೆಯದು ಹೊಸದು ಎಲ್ಲ. ನಾನು ಬಯಸಿದ್ದು ಸಿಕ್ಕಿತು.

ನಾನು ಸುಳ್ಳು ಹೇಳಲಿಲ್ಲ. ಆದರೆ ಹೆಂಡತಿ ಹಾಗೆ ಕೇಳಿಕೊಂಡ ಆ ದಿನ ಮೆಲ್ಕಾರಿನಲ್ಲಿ ದೊಡ್ಡ ಮದುವೆ, ಆಗಲೇ ತಡವಾಗಿತ್ತು. ಅವಳ ಮಾತು ಕೇಳಿಸಿದ್ದರೂ ನಾನು ಹೋಗುತ್ತಿದ್ದೆ. ಅದನ್ನು ಮಾತ್ರ ಮಗಳಿಗೆ ಹೇಳಲಿಲ್ಲ.