ಎರಡು ತುಂಡು ಕೆಂಪು ತಂತಿ

ಸಭಾಮನೆಯ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ಮೂರೇ ಸಾಲುಗಳಿದ್ದವು. ಒಂಬತ್ತನೇ ಮನೆಯಲ್ಲಿ ಆಂಪ್ಲಿಫೈಯರ್ ಸುಟ್ಟುಹೋಗಿದೆ. ಅದಕ್ಕೆ ಕೈಯಲ್ಲಿ ಮಾಡಿದ ಸ್ವಿಚ್ ಪೆಟ್ಟಿಗೆಯೇ ಕಾರಣವೆಂದು ಪರಿಶೀಲಿಸಿದ ತಂತ್ರಜ್ಞರು ತಿಳಿಸಿದ್ದಾರೆ. ಇಂಥ ಪೆಟ್ಟಿಗೆಗಳನ್ನು ಎಲ್ಲ ಮನೆಗಳಿಂದಲೂ ತೆಗೆಸುವ ಕುರಿತು ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಸಭೆ.

ಪೆಟ್ಟಿಗೆ ಮಾಡಿದವರ ಹೆಸರನ್ನು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಸಾಲಾಗಿ ನಿಂತ ಆ ಇಪ್ಪತ್ತೆರಡು ಇಟ್ಟಿಗೆ ಮನೆಗಳಲ್ಲಿ ಹತ್ತೊಂಬತ್ತರ ಕಪಾಟಿನೊಳಗೆ ಒಂದೊಂದು ಬೂದು ಬಣ್ಣದ ಪೆಟ್ಟಿಗೆ ಇತ್ತು. ಅದು ಯಾರ ಕೈಕೆಲಸ ಎಂಬುದು ಅಲ್ಲಿನ ಅಂಚೆಯವನಿಗೂ ಗೊತ್ತು. ಥೋರಾ ಮೋಲ್‌ಗಾರ್ಡ್ ರೈ ಬ್ರೆಡ್ಡಿನ ಚೀಲವನ್ನು ನೆಲದ ಮೇಲಿಟ್ಟಳು. ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದು ಚೀಟಿಯ ಕೆಳಗೆ ದಪ್ಪ ಅಕ್ಷರಗಳಲ್ಲಿ ಬರೆದಳು: ಥೋರಾ ಮೋಲ್‌ಗಾರ್ಡ್, ಹದಿನಾಲ್ಕನೇ ಮನೆ. ಆಮೇಲೆ ಆ ಮನೆಗಳ ಸಂಘದ ಅಧ್ಯಕ್ಷ ಪ್ರೆಬೆನ್‌ನ ಮನೆಯ ಗಂಟೆ ಒತ್ತಿದಳು.

"ಹೆಸರು ಬರೆಯೋಕೆ ಕೈ ನಡುಗ್ತಾ, ಪ್ರೆಬೆನ್?"

"ನಿನ್ನ ಕಡೆ ಯಾರೂ ಬೊಟ್ಟು ಮಾಡಿಲ್ಲ, ಥೋರಾ."

"ಹೌದಾ? ಹಾಗಾದ್ರೆ ಈ ಪೆಟ್ಟಿಗೆ ಮಾಡೋ ಇನ್ನೊಬ್ಬಳ ಮನೆ ಎಲ್ಲಿದೆ ತೋರಿಸು. ಹೋಗಿ ಮಾತಾಡ್ಕೊಂಡು ಬರ್ತೀನಿ."

ಪ್ರೆಬೆನ್ ಉಣ್ಣೆಯ ಕಾಲುಚೀಲದಲ್ಲೇ ಹೊಸ್ತಿಲ ಮೇಲೆ ನಿಂತು ನೆಲ ನೋಡಿದ. "ಕಾರ್ಸ್ಟನ್ ಹೇಳಿದ. ಅವನು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್."

"ಪೆಟ್ಟಿಗೆ ಬಿಚ್ಚಿ ನೋಡಿದ್ನಾ?"

"ಅದು... ಹೊರಗಿಂದ ನೋಡಿದ."

"ನಾಳೆ ಹತ್ತು ಗಂಟೆಗೆ ನಾನು ಬಿಚ್ತೀನಿ, ಅವನ ಎದುರಿಗೆ. ಅವನನ್ನ ಕರೆಸು."

ಥೋರಾ ಸಿಟ್ಟಿನಲ್ಲಿ ಕೂಗಾಡುವವಳಲ್ಲ. ಸಿಟ್ಟು ಬಂದಷ್ಟೂ ಅವಳ ದನಿ ತಗ್ಗುತ್ತದೆ, ಎದುರಿಗಿರುವ ವಸ್ತುಗಳನ್ನು ಕೈ ತಾನಾಗಿ ನೇರ ಮಾಡತೊಡಗುತ್ತದೆ. ಪ್ರೆಬೆನ್‌ನ ಹೊಸ್ತಿಲಲ್ಲಿದ್ದ ಮೂರು ಜೊತೆ ರಬ್ಬರ್ ಬೂಟುಗಳನ್ನು ಸಾಲಾಗಿ ನಿಲ್ಲಿಸಿಯೇ ಅವಳು ಅಲ್ಲಿಂದ ಹೊರಟದ್ದು.

ಅವಳಿಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಫ್ಯೋರ್ಡ್ ಎಂಬ ಕಡಲ ಚಾಚಿನ ದಂಡೆಯ ರೇಡಿಯೊ ಕಾರ್ಖಾನೆಯಲ್ಲಿ ರಿಲೇ ಮೇಜಿನ ಮುಂದೆ ಕಳೆದಿದ್ದಾಳೆ. ರಿಲೇ ಎಂದರೆ ಕರೆಂಟಿನಿಂದ ತಾನೇ ಬದಲಾಗುವ ಸ್ವಿಚ್. ಬೆಂಕಿಪೊಟ್ಟಣದಷ್ಟು ಗಾತ್ರದ ಅದನ್ನು ಕಿವಿಯ ಹತ್ತಿರ ಹಿಡಿದು ಕರೆಂಟ್ ಕೊಟ್ಟರೆ ಒಳಗಿನ ಸಣ್ಣ ಲೋಹದ ಪಟ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತದೆ. ಒಳ್ಳೆಯ ರಿಲೇ ಒಮ್ಮೆ ಮಾತ್ರ ಟಕ್ ಎನ್ನುತ್ತದೆ. ಕೆಟ್ಟದ್ದು ಹಾರಿದ ಮೇಲೂ ಕಂಪಿಸುತ್ತದೆ. ಆ ಕಂಪನ ಆ ಮೇಜಿನ ಹನ್ನೊಂದು ಹೆಂಗಸರಿಗೆ ಮಾತ್ರ ಕೇಳಿಸುತ್ತಿತ್ತು; ಯಂತ್ರಕ್ಕೂ ಕೇಳಿಸುತ್ತಿರಲಿಲ್ಲ. ಉತ್ಪಾದನೆ ಬೇರೆ ದೇಶಕ್ಕೆ ಹೋದಾಗ ಹನ್ನೊಂದು ಮಂದಿಗೂ ಒಂದೊಂದು ಮೇಜಿನ ದೀಪ ಕೊಟ್ಟು ಕಳಿಸಿದರು. ಥೋರಾ ತನ್ನ ದೀಪವನ್ನು ಒಂದು ದಿನವೂ ಹೊತ್ತಿಸಿಲ್ಲ.

ಈ ಸಾಲುಮನೆಗಳಿಗೆ ಬಂದು ನೆಲೆಸಿದ ಮೇಲೆ ಅವಳಿಗೆ ಮತ್ತೆ ಕೆಲಸ ಸಿಕ್ಕಿತು. ಇಲ್ಲಿನವರೆಲ್ಲ ಆ ಕಾರ್ಖಾನೆಯ ಹಳೆಯ, ತೇಗದ ಹೊದಿಕೆಯ ಭಾರವಾದ ಸ್ಪೀಕರುಗಳನ್ನು ಮನೆ ಬದಲಿಸಿದಾಗಲೆಲ್ಲ ಹೊತ್ತು ತಂದವರು. ಅಡುಗೆಮನೆಗೆ ಒಂದು ಜೋಡಿ, ಕೂರುವ ಕೋಣೆಗೋ ಮಲಗುವ ಕೋಣೆಗೋ ಇನ್ನೊಂದು. ಆಂಪ್ಲಿಫೈಯರ್ ಮಾತ್ರ ಒಂದೇ. ಥೋರಾಳ ಪೆಟ್ಟಿಗೆ ಅವುಗಳ ನಡುವೆ ಕೂರುತ್ತಿತ್ತು. ಬೆಳಿಗ್ಗೆ ಆರಕ್ಕೆ ಅದರೊಳಗಿನ ಪುಟ್ಟ ಕಂಪ್ಯೂಟರ್ ರಿಲೇಗೆ ಕರೆಂಟ್ ಕೊಟ್ಟರೆ, ಟಕ್, ಅಡುಗೆಮನೆಯಲ್ಲಿ ಹವಾಮಾನ ವರದಿ. ಒಂಬತ್ತಕ್ಕೆ ಕರೆಂಟ್ ನಿಂತರೆ, ಟಕ್, ಸದ್ದು ಒಳಕೋಣೆಗೆ. ನಡುವೆ ಬದಲಿಸಬೇಕೆಂದರೆ ಫೋನಿನಲ್ಲೋ ಗೋಡೆಯಲ್ಲೋ ಒಂದು ಗುಂಡಿ. ರಿಲೇಯ ಪಟ್ಟಿ ಏಕಕಾಲಕ್ಕೆ ಎರಡು ಕಡೆ ನಿಲ್ಲಲಾರದು. ಆದ್ದರಿಂದ ಎರಡು ಜೋಡಿಗಳೂ ಒಟ್ಟಿಗೆ ಆಂಪ್ಲಿಫೈಯರಿಗೆ ತಗಲುವಂತೆಯೇ ಇಲ್ಲ. ತಗಲಿದರೆ ಅದು ಕೊಡಬಲ್ಲದ್ದರ ಎರಡರಷ್ಟು ಕರೆಂಟ್ ಹರಿದು, ಬಿಸಿಯಾಗಿ ಸುಡುತ್ತದೆ. ಒಂಬತ್ತನೇ ಮನೆಯಲ್ಲಿ ಸುಟ್ಟದ್ದು ಹಾಗೆಯೇ ಎಂದು, ಮನೆಗೆ ಮರಳುವಾಗ ಅದರ ಬಾಗಿಲಲ್ಲಿ ಬಂದ ವಾಸನೆಯಿಂದಲೇ ಅವಳಿಗೆ ತಿಳಿದಿತ್ತು. ತನ್ನ ಪೆಟ್ಟಿಗೆಯಿಂದ ಹಾಗಾಗುವುದು ಸಾಧ್ಯವಿಲ್ಲ ಎಂಬುದೂ ತಿಳಿದಿತ್ತು. ಈ ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಯೋಚಿಸುತ್ತ ಅವಳಿಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಒಂಬತ್ತನೇ ಮನೆ ಎಲ್ನಾಳದು. ರಿಲೇ ಮೇಜಿನಲ್ಲಿ ಥೋರಾಳ ಎಡಕ್ಕಿದ್ದ ಸ್ಟೂಲು ಮೂವತ್ತೊಂದು ವರ್ಷವೂ ಅವಳದೇ. ಅಕ್ಟೋಬರಿನಲ್ಲಿ ಅವಳ ಗಂಡ ಐನಾರ್‌ಗೆ ಪಾರ್ಶ್ವವಾಯು ಬಡಿದಿತ್ತು. ಆಗಿನಿಂದ ಅವನು ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲೇ ಇದ್ದ.

ಮರುದಿನ ಕಾರ್ಸ್ಟನ್ ಹತ್ತಕ್ಕೆ ಐದು ನಿಮಿಷ ಮುಂಚೆಯೇ ಆ ಮನೆಗೆ ಬಂದ; ಥೋರಾ ಆಗಲೇ ಅಲ್ಲಿದ್ದಳು. ನಲವತ್ತರ ಆಸುಪಾಸಿನ, ಅಚ್ಚುಕಟ್ಟಾದ ಮನುಷ್ಯ. ಇಪ್ಪತ್ತೆರಡು ಮನೆಗಳಿಗೂ ತಂತಿಯಿಲ್ಲದ ಸ್ಪೀಕರ್ ಹಾಕಿಕೊಡುವ ಪ್ರಸ್ತಾವವೊಂದು ಅವನ ಚೀಲದಲ್ಲೇ ಇತ್ತು. ಬಾಗಿಲಲ್ಲಿ ಬೂಟು ಬಿಚ್ಚುತ್ತ ಅವನು ಹೇಳಿದ:

"ನಿಮ್ಮ ಮೇಲೆ ನಂಗೇನೂ ದ್ವೇಷ ಇಲ್ಲ, ಥೋರಾ. ನನ್ನಜ್ಜಿನೂ ಹೀಗೇ, ಸುಮ್ನೆ ಕೂರೋಳಲ್ಲ. ಏನಾದ್ರೂ ಹೆಣೀತಾ ಇರ್ತಾಳೆ."

"ನಿಮ್ಮಜ್ಜಿ ಹೆಣೆದಿದ್ದು ಬಿಚ್ಚಿಹೋಗುತ್ತಾ?"

"ಇಲ್ಲಪ್ಪ."

"ಹಾಗಾದ್ರೆ ಆಕೆಯಿಂದ ಕಲೀರಿ. ಟಾರ್ಚ್ ಹಿಡೀರಿ ಇಲ್ಲಿ."

ನಾಲ್ಕು ಸ್ಕ್ರೂಗಳು. ಮುಚ್ಚಳ ತೆಗೆದು ಥೋರಾ ಕನ್ನಡಕ ಸರಿಮಾಡಿಕೊಂಡಳು. ರಿಲೇಯ ಕೆಳಗೆ, ಒಂದು ಸ್ಪೀಕರ್ ಜೋಡಿಯ ಸ್ಕ್ರೂಗಳಿಂದ ಇನ್ನೊಂದು ಜೋಡಿಯ ಸ್ಕ್ರೂಗಳಿಗೆ ಎರಡು ತುಂಡು ಕೆಂಪು ತಂತಿ ಬಿಗಿದಿತ್ತು, ಬಲಕ್ಕೊಂದು, ಎಡಕ್ಕೊಂದು. ರಿಲೇ ಯಾವ ಕಡೆ ಹಾರಿದರೂ ಎರಡೂ ಕೋಣೆಗಳಿಗೆ ಸದ್ದು ಹೋಗುವಂತೆ. ಅವಳು ಹಾಕಿದ ತಂತಿಗಳಲ್ಲ ಅವು.

ಕಾರ್ಸ್ಟನ್ ಬಗ್ಗಿ ನೋಡಿ ಉಸಿರುಬಿಟ್ಟ. "ಇದೇ ನೋಡಿ. ಎರಡನ್ನೂ ಸೇರಿಸಿಬಿಟ್ಟಿದೀರಿ."

"ನಾನಲ್ಲ."

"ತುದಿ ನೋಡಿ. ಹೊಸೆದು, ಮಡಚಿ, ಸ್ಕ್ರೂ ಕೆಳಗೆ ಹಾಕಿದ್ದು. ನಾವ್ಯಾರೂ ಹಾಗೆ ಮಾಡಲ್ಲ, ತುದಿಗೆ ಲೋಹದ ಟೋಪಿ ಒತ್ತುತೀವಿ. ಇದು ನಿಮ್ಮ ಕಾರ್ಖಾನೆ ಪದ್ಧತಿ. ನೀವೇ ಹೇಳ್ಕೊಂಡು ತಿರುಗ್ತಿದ್ರಿ."

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಆ ಮಡಿಕೆಯನ್ನು ಮೇಜಿನ ಮೇಲ್ವಿಚಾರಕಿ ಡಾಗ್ನಿ ಹನ್ನೊಂದು ಮಂದಿಗೂ ಕಲಿಸಿದ್ದಳು. ಮಡಚದೆ ತಂತಿಯ ಒಂದೆಳೆ ಜಾರಿದರೂ ಅವಳು ರಿಲೇಗಳ ಇಡೀ ತಟ್ಟೆಯನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಆದರೆ ಥೋರಾ ನೋಡುತ್ತಿದ್ದದ್ದು ಮಡಿಕೆಯನ್ನಲ್ಲ, ಹೊಸೆತವನ್ನು. ಪೆಟ್ಟಿಗೆಯೊಳಗಿನ ಅವಳ ತಂತಿಗಳೆಲ್ಲ ಬಲಕ್ಕೆ ಹೊಸೆದವು. ಈ ಎರಡು ಎಡಕ್ಕೆ. ಆ ಮೇಜಿನಲ್ಲಿ ಎಡಗೈಯವಳು ಒಬ್ಬಳೇ ಇದ್ದಳು.

ಅವಳು ತಲೆಯೆತ್ತಿದಳು. ಎಲ್ನಾ ಅಡುಗೆಮನೆಯ ಬಾಗಿಲಲ್ಲಿ, ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

"ಕಾಫಿ ಹಾಕ್ಲಾ ಯಾರಿಗಾದ್ರೂ?" ಎಂದಳು ಎಲ್ನಾ.

ಥೋರಾ ಒಂದು ಮಾತು ಆಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟಾರ್ಚಿನ ಬೆಳಕಲ್ಲಿ ಬೆರಳಿಟ್ಟು ತೋರಿಸಿದ್ದರೆ ಕಾರ್ಸ್ಟನ್‌ಗೂ ಕಾಣುತ್ತಿತ್ತು. ಅವಳು ಕಾದಳು. ಬಾಗಿಲಲ್ಲಿ ನಿಂತವಳು ತಾನೇ ಬಾಯಿ ಬಿಡಲಿ ಎಂದು, ಗೋಡೆಯ ಗಡಿಯಾರದ ಮುಳ್ಳು ಎರಡು ಸಲ ಮುಂದೆ ಸರಿಯುವವರೆಗೆ ಕಾದಳು. ಎಲ್ನಾ ಒರೆಸಿದ ಬಟ್ಟಲನ್ನೇ ಮತ್ತೆ ಒರೆಸಿದಳು.

"ಗುರುವಾರ ಸಿಗೋಣ," ಎಂದು ಕಾರ್ಸ್ಟನ್ ಬೂಟು ಹಾಕಿಕೊಂಡ.

ಹೊರಗೆ ಅವನ ವ್ಯಾನು ತಿರುಗಿದ ಸದ್ದು ಕೇಳಿದ ಮೇಲೆ ಥೋರಾ ಎರಡೂ ತುಂಡುಗಳನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ, ಒಂದರ ಪಕ್ಕ ಒಂದು, ನೇರವಾಗಿ ಇಟ್ಟಳು.

"ಅವನ ಮುಂದೆ ಬಾಯಿಗೆ ಏನು ತುರುಕ್ಕೊಂಡಿದ್ದೆ, ಎಲ್ನಾ?"

"ಹೆದರಿಕೆ ಆಯ್ತು ಕಣೇ."

"ಯಾರ ಹೆದರಿಕೆ? ಆ ಅಜ್ಜಿ ಮೊಮ್ಮಗನದ್ದಾ?"

"ನಿಂದು."

ಥೋರಾ ಕುರ್ಚಿಯನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದಳು, ಕೂರಲಿಲ್ಲ.

"ನಾನು ಅಡುಗೆಮನೆಗೆ ಬಂದು ರೇಡಿಯೊ ಈ ಕಡೆ ಹಾಕಿದ್ರೆ ಅವರ ಕೋಣೆ ಸುಮ್ನಾಗುತ್ತೆ," ಎಲ್ನಾ ಹೇಳಿದಳು. "ಸುಮ್ನಾದ ಕೂಡ್ಲೆ ಕೂಗ್ತಾರೆ. ನಾನು ಬಿಟ್ಟು ಹೋದೆ ಅಂತ. ನಾನು ಇಲ್ಲೇ ಆಲೂಗೆಡ್ಡೆ ಸಿಪ್ಪೆ ತೆಗೀತಿರ್ತೀನಿ, ಎಂಟು ಹೆಜ್ಜೆ. ದಿನಕ್ಕೆ ಇಪ್ಪತ್ತು ಸಲ. ನಾನು ಕೇಳೋದೇ ಅವರಿಗೂ ಕೇಳ್ತಿದ್ರೆ, ನಾನು ಇದೀನಿ ಅಂತ ಅವರಿಗೆ ಗೊತ್ತಾಗುತ್ತೆ. ಡಿಸೆಂಬರಲ್ಲಿ ಈ ತಂತಿ ಹಾಕಿದೆ. ಸಣ್ಣಗೆ ಇಟ್ಟಾಗ ಏನೂ ಆಗ್ಲಿಲ್ಲ. ಮೊನ್ನೆ ಹ್ಯಾಂಡ್‌ಬಾಲ್ ಮ್ಯಾಚಿಗೆ ಜೋರು ಮಾಡು ಅಂದ್ರು, ಮಾಡಿದೆ."

"ನಂಗೆ ಹೇಳೋಕೇನಾಗಿತ್ತು? ಐದು ಮನೆ ಆಚೆ ಇದೀನಿ!"

"ಹೇಳಿದ್ದೆ."

"ಯಾವಾಗ?"

"ನವೆಂಬರಲ್ಲಿ. ನಿನ್ನ ಮನೇಲಿ. ನೀನು ಬೆಸುಗೆ ಹಾಕ್ತಿದ್ದೆ. ಎರಡೂ ಕಡೆ ಒಟ್ಟಿಗೆ ಬರೋ ಹಾಗೆ ಮಾಡೋಕಾಗುತ್ತಾ ಅಂದೆ. ತಲೆ ಎತ್ತಲೂ ಇಲ್ಲ ನೀನು. ಮೂವತ್ತೊಂದು ವರ್ಷ ಕೆಲ್ಸ ಮಾಡಿ ಇಂಥ ಪ್ರಶ್ನೆ ಕೇಳ್ತೀಯಲ್ಲ, ಎರಡು ಬೇಕಿದ್ರೆ ಇನ್ನೊಂದು ಆಂಪ್ಲಿಫೈಯರ್ ತಗೋ ಅಂದೆ."

ಥೋರಾಗೆ ನೆನಪಾಯಿತು. ಎಲ್ನಾಳ ಮುಖ ನೆನಪಾಗಲಿಲ್ಲ, ಅದನ್ನು ಅವಳು ಅಂದು ನೋಡಿಯೇ ಇರಲಿಲ್ಲ. ಬೆಸುಗೆಯ ಹೊಗೆ ನೆನಪಾಯಿತು. ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಈಗ ಅದು ತನ್ನ ಕಡೆಗೂ ತಿರುಗಿತ್ತು, ಅದರಿಂದ ಇನ್ನಷ್ಟು ಹೆಚ್ಚಿತು.

"ನಾನು ಹೇಳಿದ್ದು ಒರಟು," ಎಂದಳು. "ನೀನು ಮಾಡಿದ್ದು ಸುಳ್ಳು. ಎರಡೂ ಒಂದೇ ಅಲ್ಲ. ಹತ್ತೊಂಬತ್ತು ಮನೆಯಿಂದ ನನ್ನ ಕೆಲಸ ಕಿತ್ತು ಕಸಕ್ಕೆ ಹಾಕ್ತಾರೆ, ಅದು ಗೊತ್ತಿದ್ದೂ ನೀನು ಬಟ್ಟಲು ಒರೆಸ್ತಾ ನಿಂತೆ. ಸಭೇಲಿ ನೀನೇ ಹೇಳ್ಬೇಕು. ನಾನು ಹೇಳಲ್ಲ."

"ಅಷ್ಟು ಜನದ ಎದುರಿಗಾ?"

"ಅಷ್ಟು ಜನದ ಎದುರಿಗೇ."

ಗುರುವಾರ ಸಭಾಮನೆಯಲ್ಲಿ ಕಾಫಿಯ ಜಗ್ಗುಗಳು ತುಂಬಿದ್ದವು. ಒದ್ದೆ ಕೋಟುಗಳ ವಾಸನೆ. ಎಲ್ನಾ ಬಂದಿರಲಿಲ್ಲ. ಕಾರ್ಸ್ಟನ್ ಬಿಳಿ ಡಬ್ಬಿಯಂಥ ಸ್ಪೀಕರೊಂದನ್ನು ಮೇಜಿನ ಮೇಲಿಟ್ಟು ಫೋನಿನಿಂದ ಹಾಡಿಸಿದ. ಹಿಂದಿನ ಸಾಲಿನ ಯಾರೋ "ಟಿನ್ನಿನೊಳಗೆ ಮೀನು ಹಾಡ್ತಿದೆ" ಎಂದಾಗ ಎಲ್ಲರೂ ನಕ್ಕರು. ಆದರೂ ಥೋರಾಳ ಕಡೆ ನೋಡಿದವರ ಕಣ್ಣುಗಳು ಬೇಗ ಬೇರೆಡೆಗೆ ಹೊರಳುತ್ತಿದ್ದವು. ಕಳೆದ ವರ್ಷ ಮಧ್ಯರಾತ್ರಿಯವರೆಗೆ ಕೂತು ಯಾರ ಪೆಟ್ಟಿಗೆ ಸರಿಮಾಡಿಕೊಟ್ಟಿದ್ದಳೋ ಆ ಆರನೇ ಮನೆಯವಳೂ ಬಿಸ್ಕತ್ತಿನ ತಟ್ಟೆಯನ್ನೇ ನೋಡುತ್ತಿದ್ದಳು.

"ಥೋರಾ, ಏನಾದ್ರೂ ಹೇಳೋದಿದ್ಯಾ?" ಪ್ರೆಬೆನ್ ಕೇಳಿದ.

"ಇಲ್ಲ."

"ಹಾಗಾದ್ರೆ, ತೆಗೆಸ್ಬೇಕು ಅನ್ನೋರು ಕೈ..."

ಬಾಗಿಲು ತೆರೆಯಿತು. ಎಲ್ನಾ ಕೋಟು ಬಿಚ್ಚದೆ ಬಂದಳು. ನೇರ ಮುಂದಿನ ಮೇಜಿಗೆ ಹೋಗಿ, ಕಾರ್ಸ್ಟನ್‌ನ ಸ್ಪೀಕರನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ಎರಡು ಕೆಂಪು ತುಂಡುಗಳನ್ನೂ ಒಂದು ಹೊಸ ತಂತಿಯನ್ನೂ ತೆಗೆದಳು. ಹೊಸ ತಂತಿಯ ತುದಿಯ ಎಳೆಗಳನ್ನು ಎಡಗೈಯಿಂದ ಹೊಸೆದು, ಮಡಚಿ, ಪ್ರೆಬೆನ್‌ನ ಮೂಗಿನ ಕೆಳಗೆ ಹಿಡಿದಳು.

"ಇದು ನನ್ನ ಕೈ. ಪೆಟ್ಟಿಗೇಲಿದ್ದ ಇವೂ ನನ್ನ ಕೈ. ಎಡಕ್ಕೆ ತಿರುಗಿದೆ, ನೋಡು. ಥೋರಾ ಬಲಕ್ಕೆ ಹೊಸೀತಾಳೆ. ಎರಡು ಕೋಣೆಗೂ ಸದ್ದು ಬೇಕಿತ್ತು, ಅವಳಿಗೆ ಹೇಳದೆ ನಾನೇ ಹಾಕಿದೆ. ಸುಟ್ಟಿದ್ದು ನಾನು. ಆಮೇಲೆ ಸುಮ್ನಿದ್ದೆ."

ಕಾರ್ಸ್ಟನ್ ತುಂಡನ್ನು ಬೆಳಕಿಗೆ ಹಿಡಿದು ನೋಡಿದ, ಅದನ್ನು ಕೆಳಗಿಟ್ಟ.

ಥೋರಾ ಎದ್ದು ನಿಂತಳು. ಅವಳ ದನಿ ಎಷ್ಟು ತಗ್ಗಿತ್ತೆಂದರೆ ಹಿಂದಿನ ಸಾಲಿನವರು ಮುಂದಕ್ಕೆ ಬಾಗಿದರು. "ಅವಳು ನವೆಂಬರಲ್ಲಿ ನನ್ನ ಕೇಳಿದ್ಲು. ನಾನು ತಲೆ ಎತ್ತದೆ ಆಗಲ್ಲ ಅಂದೆ. ಅದನ್ನೂ ಬರ್ಕೋ, ಪ್ರೆಬೆನ್. ಕಾರ್ಸ್ಟನ್ ಪೆಟ್ಟಿಗೆ ಬಿಚ್ಚದೆ ತೀರ್ಪು ಹೇಳಿದ ಅಂತಾನೂ ಬರ್ಕೋ. ನೀನು ಅವನ ಮಾತು ಕೇಳಿ ಚೀಟಿ ಅಂಟಿಸಿದೆ ಅಂತಾನೂ. ನನ್ನ ಹತ್ರ ಬಂದು ಒಂದು ಮಾತು ಕೇಳಿದೋರು ಈ ಕೋಣೇಲಿ ಒಬ್ಬರೂ ಇಲ್ಲ. ಈಗ ಕೈ ಎತ್ತೋರು ಎತ್ತಿ."

ಒಂದು ಕೈಯೂ ಏಳಲಿಲ್ಲ. ಪ್ರೆಬೆನ್ ಬರೆದುಕೊಳ್ಳುತ್ತಿದ್ದ, ಕಿವಿ ಕೆಂಪಾಗಿತ್ತು. ಆರನೇ ಮನೆಯವಳು ಬಿಸ್ಕತ್ತಿನ ತಟ್ಟೆಯನ್ನು ಥೋರಾಳ ಕಡೆ ಸರಿಸಿದಳು. ಥೋರಾ ಅದನ್ನು ವಾಪಸು ಸರಿಸಿ, ಕೋಟು ಹಾಕಿಕೊಂಡು ಹೊರಟಳು.

ಮುಂದಿನ ಮಂಗಳವಾರ ಅವಳು ಒಂಬತ್ತನೇ ಮನೆಗೆ ಹೋದಳು. ಒಂದು ಕೈಯಲ್ಲಿ ತನ್ನ ಅಟ್ಟದ ಮೇಲಿದ್ದ ಹಳೆಯ ಆಂಪ್ಲಿಫೈಯರ್, ಇನ್ನೊಂದರಲ್ಲಿ ಹೊಸ ಪೆಟ್ಟಿಗೆ. ಅದರಲ್ಲಿ ಒಂದು ರಿಲೇ ಹೆಚ್ಚಿಗೆ ಇತ್ತು. ಮೂರನೆಯ ಗುಂಡಿ ಒತ್ತಿದರೆ ಸದ್ದು ಮೊದಲು ಒಂದು ಕೋಣೆಯ ಸ್ಪೀಕರನ್ನು ಹಾದು, ಅಲ್ಲಿಂದ ಇನ್ನೊಂದು ಕೋಣೆಯದನ್ನು ಹಾದು ಹಿಂದಿರುಗುತ್ತದೆ. ಎರಡೂ ಕಡೆ ಕೇಳಿಸುತ್ತದೆ, ಕೊಂಚ ಮೆಲ್ಲಗೆ, ಆಂಪ್ಲಿಫೈಯರಿಗೆ ಭಾರವಿಲ್ಲ. ಎರಡು ಸಂಜೆಗಳ ಕೆಲಸ. ನವೆಂಬರಿನಲ್ಲೂ ಎರಡೇ ಸಂಜೆಗಳ ಕೆಲಸವಾಗಿತ್ತು ಎಂಬುದು ಬೆಸುಗೆ ಹಾಕುವಾಗಲೆಲ್ಲ ಅವಳನ್ನು ಕೆರಳಿಸಿತ್ತು.

ಎಲ್ನಾ ಕಾಫಿ ಸುರಿದು ಬಾದಾಮಿ ಕೇಕಿನ ತುಂಡೊಂದನ್ನು ತಟ್ಟೆಗೆ ಹಾಕಿದಳು. ಥೋರಾ ಕಾಫಿ ಕುಡಿದಳು. ಕೇಕು ಮುಟ್ಟಲಿಲ್ಲ. ಆ ಊರಿನಲ್ಲಿ ಇದಕ್ಕಿಂತ ಜೋರಾಗಿ ಬೈಯಲು ಬರುವುದಿಲ್ಲ. ಎಲ್ನಾ ತಟ್ಟೆ ತೆಗೆಯಲೂ ಇಲ್ಲ.

ಥೋರಾ ಮೂರನೆಯ ಗುಂಡಿ ಒತ್ತಿದಳು. ಟಕ್, ಒಮ್ಮೆ ಮಾತ್ರ. ಅಡುಗೆಮನೆಯಲ್ಲಿ ಮೀನುಗಾರರಿಗೆ ಗಾಳಿಯ ಮುನ್ಸೂಚನೆ ಶುರುವಾಯಿತು.

"ಎಲ್ನಾ!" ಹಿಂದಿನ ಕೋಣೆಯಿಂದ ಐನಾರ್ ತೊದಲುತ್ತ ಕರೆದ. "ಯಾರು ಬಂದಿದಾರೆ?"

"ಥೋರಾ."

"ಇನ್ನೂ ಸಿಟ್ಟಲ್ಲಿದಾಳಾ?"

"ಇದೀನಿ," ಥೋರಾ ಅಲ್ಲಿಂದಲೇ ಹೇಳಿದಳು. "ಸದ್ದು ಬರ್ತಿದ್ಯಾ?"

"ಸಣ್ಣಗೆ."

"ಅಷ್ಟೇ ಬರೋದು. ಗುಂಡಿ ಮುಟ್ಬೇಡಿ." ಅವಳು ಮುಚ್ಚಳದ ನಾಲ್ಕನೇ ಸ್ಕ್ರೂ ಬಿಗಿದಳು.