ಪಟ್ಟಿಯಲ್ಲಿಲ್ಲದ ಮಾತು

ವಾಗಿಯೆಂಗೆ ಇಂಗ್ಲಿಷ್ ಕಲಿಸಿದವಳು ನಾನೇ. ಜಾವಾದ ಮಲಾಂಗ್ ಊರಿನ ನಮ್ಮ ತರಬೇತಿ ಮನೆಯಿಂದ ಸಿಂಗಪುರಕ್ಕೆ ಮನೆಗೆಲಸಕ್ಕೆ ಹೋಗುವ ಹೆಂಗಸರು ನಾಲ್ಕುನೂರು ಪದಗಳನ್ನು ಅರ್ಥ ಸಮೇತ ಬಾಯಿಪಾಠ ಮಾಡಬೇಕಿತ್ತು. ಆ ಪಟ್ಟಿ ಬರೆದವಳೂ ನಾನೇ. ಒಲೆ, ಇಸ್ತ್ರಿಪೆಟ್ಟಿಗೆ, ನೆಲ ಒರೆಸುವ ಬಟ್ಟೆ, ಮಗುವಿನ ಹಾಲಿನ ಬಾಟಲಿ, ಮಳೆ, ಗಾಳಿ. ಒಂದನ್ನೂ ಬಿಟ್ಟಿಲ್ಲ ಎಂಬ ಜಂಬ ಬೇರೆ.

ವಾಗಿಯೆಂ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯದೂ ಹೋದರೆ ಊರಿಗೆ ವಾಪಸು, ಮಗಳ ಓದಿಗೂ ಮಂಗಳ ಹಾಡಿದಂತೆಯೇ. ಪದಗಳನ್ನು ಅಂಗೈ ಮೇಲೆ ಬರೆದುಕೊಂಡು, ನೀರಿಗೆ ಅಳಿಸಿಹೋಗುವಷ್ಟರಲ್ಲಿ ಕಲಿಯಬೇಕೆಂದು ಪಾತ್ರೆ ತಿಕ್ಕುತ್ತಲೇ ಬಾಯಿಪಾಠ ಮಾಡುತ್ತಿದ್ದಳು. "ನಿನಗಿಂತ ಸೋಪೇ ಬೇಗ ಇಂಗ್ಲಿಷ್ ಕಲಿಯುತ್ತೆ ಅಕ್ಕಾ" ಎಂದು ಉಳಿದವರು ಕಿಚಾಯಿಸಿದರೆ ಅವಳೂ ನಗುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು. ನನ್ನನ್ನು ಎಲ್ಲರೂ ‘ಬು’, ಅಂದರೆ ಅಮ್ಮಾವ್ರು, ಎಂದೇ ಕರೆಯುತ್ತಿದ್ದರು.

"ಬು, ಮೈಗೆ ಗಾಳಿ ಹೊಕ್ರೆ ಅವ್ರ ಭಾಷೇಲಿ ಏನಂತ ಹೇಳ್ಬೇಕು?"

ಜ್ವರ, ಹೊಟ್ಟೆನೋವು, ಸುಸ್ತು, ಏನೇ ಆದರೂ ನಮ್ಮವರು ಗಾಳಿ ಹೊಕ್ಕಿದೆ ಎಂದೇ ಹೇಳುವುದು. ಬೆನ್ನಿಗೆ ಎಣ್ಣೆ ಸವರಿ, ಕೆಂಪು ಗೆರೆ ಏಳುವಂತೆ ನಾಣ್ಯದಿಂದ ಗೀರಿ ಅದನ್ನು ಹೊರಗೆ ಕಳಿಸುತ್ತೇವೆ.

"ಪಟ್ಟೀಲಿ ಇರೋದನ್ನ ಮೊದ್ಲು ಕಲಿ ಮಾರಾಯ್ತಿ," ಎಂದೆ. "ನೀನು ಅಲ್ಲಿಗೆ ಹೋಗೋದು ಕೆಲಸ ಮಾಡೋಕೆ, ಮಲಗೋಕಲ್ಲ."

"ಆಯ್ತು ಬು," ಎಂದು ತಲೆ ತಗ್ಗಿಸಿ ಹೋದಳು. ಪಾಸಾದಳು.

ಸಿಂಗಪುರದಲ್ಲಿ ಏಳನೇ ತಿಂಗಳು ಅವಳಿಗೆ ಹೊಟ್ಟೆನೋವು ಹಿಡಿಯಿತು. ಗೀರಲು ಯಾರೂ ಇಲ್ಲದೆ, ಕೈಗೆಟುಕಿದಷ್ಟು ಕತ್ತು ಭುಜಗಳನ್ನು ತಾನೇ ಗೀರಿಕೊಂಡಳಂತೆ. ಮೂರನೇ ದಿನ ತಡೆಯಲಾರದೆ, ಆ ನೋವಿಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದ, ಗಾಳಿ, ಗಾಳಿ ಎಂದು ಮನೆಯೊಡತಿ ಮೇಡಂಗೆ ಹೇಳಿದಳು. ಮೇಡಂ ಕೆಟ್ಟವಳೇನಲ್ಲ, ಎದ್ದು ಕಿಟಕಿ ಮುಚ್ಚಿದಳು. ಮರುದಿನ ಅಡುಗೆಮನೆಯಲ್ಲಿ ಕುಸಿದವಳನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕರುಳು ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತು. ಬದುಕಲಿಲ್ಲ. ಇದನ್ನೆಲ್ಲ ಮೇಡಂ ಅಳುತ್ತಾ ಫೋನಿನಲ್ಲಿ ಹೇಳಿದಳು. ನನ್ನ ಇಂಗ್ಲಿಷ್ ಚೆನ್ನಾಗಿದೆಯಲ್ಲ, ಒಂದೊಂದು ಪದವೂ ಅರ್ಥವಾಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಶವದ ಪೆಟ್ಟಿಗೆಯ ಜೊತೆ ಅವಳ ನೋಟ್‌ಬುಕ್ಕೂ ಬಂತು. ನಾಲ್ಕುನೂರು ಪದ, ಎದುರಿಗೆ ಅರ್ಥ, ಒಂದೂ ತಪ್ಪಿಲ್ಲ. ಕೊನೆಯ ಪುಟದಲ್ಲಿ ಪರೀಕ್ಷೆಯ ಹಿಂದಿನ ದಿನದ ತಾರೀಕು, "ಬು ಅವರನ್ನು ಕೇಳಬೇಕು" ಎಂಬ ತಲೆಬರಹ. ಕೆಳಗೆ ನಮ್ಮ ಜಾವಾ ಮಾತಿನಲ್ಲಿ ಮೂರು ಸಾಲು: ಗಾಳಿ ಹೊಕ್ಕಿದೆ. ಒಳಗೆ ತುಂಬಾ ನೋಯ್ತಿದೆ. ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಎದುರಿನ ಜಾಗ ಖಾಲಿ. ಅದನ್ನು ತುಂಬಲು ನನಗೆ ಎರಡು ನಿಮಿಷ ಸಾಕಿತ್ತು.