ಟೇಲೆಂಡಿನ ಗದ್ದೆಗೆ ಬಂದ ಚೀಟಿ

ಹೊಗೆಸೊಪ್ಪಿನ ಸೀಮೆಯಿಂದ ನೀರಿನ ಸೀಮೆಗೆ ಸೊಸೆಯಾಗಿ ಬಂದವಳು ನಾನು. ಗಾವಡಗೆರೆ ಕಡೆಯ ನಮ್ಮ ಊರಿನಲ್ಲಿ ಅಪ್ಪ ಮೋಡ ನೋಡಿಕೊಂಡೇ ಬೇಸಾಯ ಮಾಡಿದವರು. ಮದುವೆಯಾಗಿ ಕೆ.ಆರ್. ನಗರದ ಹತ್ತಿರದ ಗಂಡನ ಊರಿಗೆ ಬಂದ ಮೊದಲ ದಿನ, ಹಿತ್ತಲ ಬಾಗಿಲು ತೆಗೆದರೆ ತುಂಬಿದ ನಾಲೆ. ಬಿಸಿಲು ಸುಡುತ್ತಿದೆ, ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ, ನೀರು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿದೆ. ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. "ನೀರು ನೋಡಿಲ್ವೇನೇ?" ಎಂದು ಅತ್ತೆ ನಕ್ಕರು. ನಿಜಕ್ಕೂ ಹೀಗೆ ನೋಡಿರಲಿಲ್ಲ.

ಆ ನೀರು ಯಾರ ಗದ್ದೆಗೆ ಯಾವಾಗ ಹೋಗಬೇಕು ಎನ್ನುವುದೇ ಊರಿನ ಅರ್ಧ ಜಗಳ ಎಂದು ತಿಳಿಯಲು ಒಂದು ಬೆಳೆ ಸಾಕಾಯಿತು.

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಊರಿನಲ್ಲಿ ನೀರು ಬಳಕೆದಾರರ ಸಂಘ ಆಯಿತು. ಎಲ್ಲಿಂದಲೋ ಒಂದು ಹಳೇ ಕಂಪ್ಯೂಟರ್ ಸಂಘದ ಕೋಣೆಗೆ ಬಂತು. ನಾನು ಕೆ.ಆರ್. ನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಸಂಘದ ಅಧ್ಯಕ್ಷರು ಗಂಡನ ದೊಡ್ಡಪ್ಪ, ನನಗೆ ದೊಡ್ಡಮಾವ. ನಾಲೆಯ ತೂಬಿನ ಪಕ್ಕದಲ್ಲೇ ಅವರ ಗದ್ದೆ. "ನಿಂಗೆ ಅದರ ವಿದ್ಯೆ ಗೊತ್ತಲ್ಲವ್ವ. ನೀರಿನ ಸರದಿ ಅದರೊಳಕ್ಕೆ ಹಾಕು, ಜಗಳ ತಪ್ಪಲಿ" ಎಂದರು.

ನನಗೆ ಆಗ ಜಂಬ ಬಹಳ. ಸಿದ್ಧವಾದ ವೆಬ್ ಸರ್ವರ್ ಹಾಕಿಕೊಂಡರೆ ಆ ಮುದಿ ಯಂತ್ರ ಏದುಸಿರು ಬಿಡುತ್ತಿತ್ತು. ಅದು ನೆಪ, ನಾನೇ ಒಂದನ್ನು ಬರೆಯಬೇಕು ಎನ್ನುವುದು ಒಳಗಿನ ಆಸೆ. ಕಾಲೇಜಿನಿಂದ ಬಂದು ಸಾರಿಗೆ ಬೇಳೆ ಇಟ್ಟು, ಕುಕ್ಕರ್ ಕೂಗುವ ಹೊತ್ತಿಗೆ ಒಂದಿಷ್ಟು ಸಿ ಭಾಷೆಯಲ್ಲಿ ಬರೆಯುತ್ತಿದ್ದೆ. ಬೇಕಾದದ್ದು ಸಣ್ಣದೇ: ಯಾರಾದರೂ ಕೇಳಿದರೆ ಕೇಳಿಸಿಕೊಳ್ಳಬೇಕು, ಉತ್ತರ ಕೊಡಬೇಕು. ಉತ್ತರ ಏನು ಎನ್ನುವುದನ್ನು ಮಾತ್ರ ಸರ್ವರ್‌ನೊಳಗೆ ಕೂರಿಸಿದ ಇನ್ನೊಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಬರೆದೆ. ಹಾಗೆ ಮಾಡಿದರೆ ಸರದಿಯ ನಿಯಮ ಬದಲಾದಾಗ ಇಡೀ ಸರ್ವರನ್ನು ಬಿಚ್ಚಬೇಕಿಲ್ಲ, ಒಳಗಿನ ನಾಲ್ಕು ಸಾಲು ತಿದ್ದಿದರೆ ಮುಗಿಯಿತು.

ಸಂಘದ ಕೋಣೆಯಿಂದ ಪಕ್ಕದ ಹಾಲಿನ ಡೈರಿಗೆ ಒಂದು ವೈರು ಎಳೆದೆವು. ಡೈರಿಯಲ್ಲೂ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇತ್ತು. ಬೆಳಿಗ್ಗೆ ಹಾಲು ಹಾಕಲು ಹೇಗೂ ಊರೇ ಬರುತ್ತದೆ. ಗದ್ದೆಯ ನಂಬರ್ ಹೇಳಿದರೆ ನೀರಿನ ದಿನ ಅಚ್ಚಾದ ಚೀಟಿ ಕೈಗೆ ಬರಬೇಕು. ಮೊದಲ ಸಲ ಡೈರಿಯ ಪರದೆಯ ಮೇಲೆ ನಾನು ಬರೆದ ಪುಟ ಮೂಡಿದಾಗ ಮೈ ಜುಮ್ಮೆಂದಿತು. ಗೋಡೆಯ ಆಚೆ ಕೂತ ಯಂತ್ರ, ಯಾರೂ ಮುಟ್ಟದೆ, ಇಲ್ಲಿ ಕೇಳಿದ್ದಕ್ಕೆ ಅಲ್ಲಿಂದ ಉತ್ತರ ಕಳಿಸಿದೆ. ಅದನ್ನು ನಾನೇ ಮಾಡಿದ್ದೆ, ಆದರೂ ನಂಬಿಕೆ ಬರಲಿಲ್ಲ. ಮತ್ತೆ ಮತ್ತೆ ಒತ್ತಿ ನೋಡಿದೆ.

ಅದಕ್ಕಿಂತ ದೊಡ್ಡ ಸೋಜಿಗ ನಮ್ಮ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ಅವರಪ್ಪನೂ ಅದನ್ನೇ ಮಾಡುತ್ತಿದ್ದವರು. ಸರದಿಯನ್ನು ಬರೆದುಕೊಳ್ಳಲು ಅವರ ಮುಂದೆ ನೋಟ್‌ಬುಕ್ ಹಿಡಿದು ಕೂತೆ. ಎಲೆ ಅಡಿಕೆ ಹಾಕಿಕೊಂಡು, ಕಣ್ಣು ಮುಚ್ಚಿ, ತೂಬಿನಿಂದ ಶುರುಮಾಡಿ ಒಂದೊಂದೇ ಗದ್ದೆ ಹೇಳುತ್ತಾ ಹೋದರು. ಯಾರದು, ಎಷ್ಟು ಹೊತ್ತು, ಯಾವ ಬದು ಒಡೆದರೆ ಎಲ್ಲಿಗೆ ಸೋರುತ್ತದೆ, ಎಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಕೈ ಸೋತು ಪೆನ್ನು ಇಟ್ಟವಳು ನಾನೇ. ಆ ತಲೆಯ ಮುಂದೆ ನನ್ನ ಸರ್ವರ್ ಯಾವ ಮೂಲೆಗೆ ಎನ್ನಿಸಿ, ಅಂದು ಜಂಬ ಸ್ವಲ್ಪ ಇಳಿಯಿತು.

ಅವರು ಹೇಳಿದ ನಿಯಮ ಎರಡು. ತೂಬಿನ ಕಡೆಯಿಂದ ಕೊನೆಯ ಕಡೆಗೆ ಸರದಿ. ಆದರೆ ನೀರು ಬಿಟ್ಟ ಪ್ರತಿ ದಿನವೂ ಮೊದಲ ಒಂದು ಗಂಟೆ ಗುಡಿಗೆ ಸೇರಿದ ದೇವರ ಗದ್ದೆಗೆ. ಅದಕ್ಕೆ ಸರದಿ ಇಲ್ಲ.

ಸರದಿಯ ಕಟ್ಟಕಡೆಯಲ್ಲಿ, ಎಲ್ಲರೂ ಟೇಲೆಂಡು ಎನ್ನುವ ಜಾಗದಲ್ಲಿ, ಒಬ್ಬ ಹೆಂಗಸಿನ ಅರ್ಧ ಎಕರೆ ಗದ್ದೆ ಇತ್ತು. ಗಂಡ ತೀರಿಹೋಗಿದ್ದ. ಒಂದು ಹಸು, ಮಿಕ್ಕಂತೆ ಕೂಲಿ. ಆ ವರ್ಷ ಧೈರ್ಯ ಮಾಡಿ ಒಟ್ಲು ಬಿಟ್ಟಿದ್ದಳು, ಎಂದರೆ ಮಡಿಯಲ್ಲಿ ಬತ್ತದ ಸಸಿ ಬೆಳೆಸಿದ್ದಳು. ಸಸಿ ನಾಟಿಗೆ ಬಂದು ನಿಂತಿತ್ತು, ಗದ್ದೆ ಮಾತ್ರ ಬಿರುಕು ಬಿಟ್ಟು ಒಣಗಿತ್ತು. ಅವಳ ಸರದಿಗೆ ಇನ್ನೂ ಹನ್ನೊಂದು ದಿನ. ಅಷ್ಟರಲ್ಲಿ ಸಸಿ ಬಲಿತುಹೋಗುತ್ತದೆ, ಬಲಿತ ಸಸಿ ನೆಟ್ಟರೆ ಬುಡದಿಂದ ಹೊಸ ತೆಂಡೆ ಒಡೆಯುವುದಿಲ್ಲ, ಬೆಳೆ ಹೋದಂತೆಯೇ. ಇದು ಊರಿಗೆಲ್ಲ ಗೊತ್ತಿತ್ತು. ಅಯ್ಯೋ ಪಾಪ ಎಂದು ಎಲ್ಲರೂ ಸುಮ್ಮನಿದ್ದರು, ನಾನೂ ಸೇರಿ.

ಚೀಟಿ ಕೊಡಲು ಶುರುಮಾಡಿದ ಮೊದಲ ದಿನವೇ ಅವಳ ಚೀಟಿಯಲ್ಲಿ ಬಂದದ್ದು: 'ಇಂದು, ಮೊದಲು, ಒಂದು ಗಂಟೆ.' ಅವಳು ಅದನ್ನು ನೀರುಗಂಟಿಗೆ ಕೊಟ್ಟಳು. ಅವರು ನೋಡಿದರು, ದೇವರ ಗದ್ದೆಗೆ ಬಿಟ್ಟ ಮೇಲೆ ಉಳಿದ ಗದ್ದೆಗಳಿಗೆ ನೀರು ತಿರುಗುವ ಮಡೆಗಳನ್ನೆಲ್ಲ ಮುಚ್ಚಿ ಒಂದು ಗಂಟೆ ನೀರನ್ನು ಸೀದಾ ಟೇಲೆಂಡಿಗೆ ಹರಿಸಿದರು. ಎರಡನೇ ದಿನವೂ ಅದೇ ಚೀಟಿ, ಅದೇ ಒಂದು ಗಂಟೆ.

ಎರಡನೇ ದಿನ ಸಂಜೆ ದೊಡ್ಡಮಾವ ಮನೆಗೇ ಬಂದರು. "ಏನವ್ವ, ನಿನ್ನ ಕಂಪ್ಯೂಟ್ರಿಗೆ ತಲೆ ಕೆಟ್ಟೋಗದಾ? ನನ್ನ ಗೆದ್ದೆ ಕಾಯ್ತಾ ಕೂತದೆ, ನೀರು ಟೇಲೆಂಡಿಗೆ ಓಯ್ತಾ ಅದೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಬರೆದದ್ದು ತಪ್ಪೇ? ಅವರನ್ನು ಸಂಘದ ಕೋಣೆಗೆ ಕರೆದುಕೊಂಡು ಹೋಗಿ, ಸರ್ವರನ್ನು ಒಂದು ಸಲ ನಿಲ್ಲಿಸಿ ಮತ್ತೆ ಶುರುಮಾಡಿ, ಆ ಹೆಂಗಸಿನ ಗದ್ದೆಯ ನಂಬರ್ ಕೊಟ್ಟೆ. ಅವಳ ಸರದಿಯ ದಿನವೇ ಸರಿಯಾಗಿ ಬಂತು, ಎಲ್ಲರಿಗಿಂತ ಕೊನೆಯಲ್ಲಿ. ಹತ್ತು ಸಲ ಕೊಟ್ಟೆ, ಹತ್ತು ಸಲವೂ ಸರಿ. "ನೋಡಿ ಮಾವ, ಯಂತ್ರ ಸರಿಯಾಗೇ ಇದೆ. ಡೈರಿಯಲ್ಲಿ ಯಾರೋ ನಂಬರ್ ತಪ್ಪು ಒತ್ತಿದ್ದಾರೆ" ಎಂದೆ. ಡೈರಿ ಸೆಕ್ರೆಟರಿಗೂ ಹೋಗಿ ನಾಲ್ಕು ಮಾತು ಆಡಿ ಬಂದೆ.

ಮೂರನೇ ದಿನ ಬೆಳಿಗ್ಗೆ ನಾನೇ ಹೋಗಿ ಡೈರಿಯ ಮೂಲೆಯಲ್ಲಿ ನಿಂತೆ. ಸೆಕ್ರೆಟರಿ ಬಂದರು, ಕಂಪ್ಯೂಟರ್‌ಗೆ ಕೈಮುಗಿದರು, ಯಾರೂ ಬರುವ ಮುಂಚೆ ದೇವರ ಗದ್ದೆಯ ನಂಬರ್ ಒತ್ತಿದರು. ಆ ಚೀಟಿ ಯಾರಿಗೂ ಬೇಕಿಲ್ಲ. ಪ್ರಿಂಟರಿನಿಂದ ಹರಿದು ಗೋಡೆಯ ಮೇಲಿದ್ದ ದೇವರ ಪಟದ ಮುಂದೆ ಇಟ್ಟರು. "ಬೋಣಿ ದೇವರದ್ದೇ ಆಗ್ಬೇಕಲ್ವ್ರಾ ಮೇಡಂ" ಎಂದರು. ಆಮೇಲೆ ಮೊದಲು ಬಂದವಳು ಆ ಹೆಂಗಸು. ಕೂಲಿಗೆ ಹೋಗಬೇಕಾದ್ದರಿಂದ ದಿನವೂ ಅವಳೇ ಮೊದಲು. ನಂಬರ್ ಒತ್ತಿದ್ದು ಸರಿಯಾಗೇ ಇತ್ತು, ಕಣ್ಣಾರೆ ಕಂಡೆ. ಚೀಟಿ ಬಂತು: 'ಇಂದು, ಮೊದಲು, ಒಂದು ಗಂಟೆ.' ಅವಳ ಹಿಂದಿನವರದ್ದೆಲ್ಲ ಸರಿ.

ಅಲ್ಲೇ ನಿಂತಲ್ಲೇ ಹೊಳೆಯಿತು. ಪ್ರತಿ ಪ್ರಶ್ನೆಗೂ ಉತ್ತರ ಹೇಳುವ ಒಳಗಿನ ಸ್ಕ್ರಿಪ್ಟನ್ನು ಹೊಸದಾಗಿ ಎಬ್ಬಿಸಿದರೆ ನಿಧಾನ ಎಂದು, ಒಮ್ಮೆ ಎಬ್ಬಿಸಿ ದಿನವಿಡೀ ಎಚ್ಚರವಾಗೇ ಇಟ್ಟಿದ್ದೆ. ದೇವರ ಗದ್ದೆ ಎಂದು ಕಂಡ ಕೂಡಲೇ ಅದು 'ಮೊದಲು' ಎಂದು ಒಂದು ಕಡೆ ಗುರುತು ಹಾಕಿಕೊಳ್ಳುತ್ತಿತ್ತು. ಆ ಗುರುತನ್ನು ಅಳಿಸುವ ಸಾಲು ಕೊನೆಯಲ್ಲಿತ್ತು. ದೇವರ ಗದ್ದೆಗೆ ಬೇರೆ ಲೆಕ್ಕವೇ ಇಲ್ಲವಲ್ಲ, ಉತ್ತರ ಕೊಟ್ಟು, ಆ ಕೊನೆಯ ಸಾಲು ಮುಟ್ಟದೆ ಹೊರಟುಬಿಡುತ್ತಿತ್ತು. ಗುರುತು ಹಾಗೇ ಉಳಿಯುತ್ತಿತ್ತು. ಮುಂದೆ ಕೇಳಿದವರು ಯಾರೇ ಆಗಲಿ, ಅವರಿಗೆ ದೇವರ ಉತ್ತರ. ಅವರ ಪ್ರಶ್ನೆ ಮುಗಿದಾಗ ಗುರುತು ಅಳಿದು ಎಲ್ಲ ಸರಿಹೋಗುತ್ತಿತ್ತು. ನಾನು ಪರೀಕ್ಷೆ ಮಾಡುವಾಗ ಯಾವತ್ತೂ ದೇವರ ಗದ್ದೆಯಿಂದ ಶುರುಮಾಡಿರಲಿಲ್ಲ. ಈ ಊರಿನಲ್ಲಿ ಅದರಿಂದಲ್ಲದೆ ಬೇರೆ ಯಾವುದರಿಂದಲೂ ಶುರುಮಾಡುವುದಿಲ್ಲ.

ತಪ್ಪು ನನ್ನದೇ ಎಂದು ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಸೆಕ್ರೆಟರಿಯ ಮುಖ ನೋಡಲಾಗಲಿಲ್ಲ. ಆದರೆ ಅದಕ್ಕಿಂತ ಹೆಚ್ಚು ಬೆರಗಾಯಿತು. ನಾನು ಹೇಳಿಕೊಡದೆಯೇ ಯಂತ್ರ ನೆನಪಿಟ್ಟುಕೊಂಡಿತ್ತು. ದೇವರ ಪಾಲನ್ನು ತಂದು ಊರಿನಲ್ಲಿ ಎಲ್ಲರಿಗಿಂತ ಬೇಕಾದವಳ ಕೈಗೆ, ಮೂರು ದಿನ ಬಿಡದೆ ಹಾಕಿತ್ತು. ಕಾರಣ ಸಾಲು ಸಾಲಾಗಿ ನನಗೆ ಗೊತ್ತು. ಆದರೂ ತೋಳಿನ ಮೇಲೆ ಕೂದಲು ನಿಂತವು.

ಕೋಣೆಗೆ ಹೋಗಿ ಅಳಿಸುವ ಸಾಲನ್ನು ಮೇಲಕ್ಕೆ ಸರಿಸಿದೆ. ದೇವರ ಗದ್ದೆ ಕೇಳಿ, ಆಮೇಲೆ ಅವಳದ್ದು ಕೇಳಿದೆ. ಸರಿಯಾಗಿತ್ತು. ತಪ್ಪು ಒಪ್ಪಿಕೊಳ್ಳದೆ ನನಗೆ ಊಟ ಇಳಿಯುವುದಿಲ್ಲ. ನಾಲೆಯ ಏರಿಯ ಮೇಲೆ ನೀರುಗಂಟಿಯನ್ನು ಹುಡುಕಿಕೊಂಡು ಹೋದೆ.

"ತಾತ, ಆ ಚೀಟಿಗಳು ತಪ್ಪು. ನನ್ನಿಂದಾದದ್ದು. ಆ ನೀರು ಅವಳದ್ದಲ್ಲ" ಎಂದೆ.

"ನಂಗೆ ಮೊದಲ್ನೇ ದಿನವೇ ಗೊತ್ತಾಯ್ತು ಕಣವ್ವ" ಎಂದರು.

"ಗೊತ್ತಿದ್ದೂ ಬಿಟ್ಟಿರಾ?"

"ಸರದಿ ನನ್ನ ತಲೇಲದೆ, ಗೊತ್ತಾಗ್ದೆ ಇದ್ದಾತಾ? ನಾನಾಗಿ ಬುಟ್ರೆ ಮೇಲ್ಗೆದ್ದೆಯೋರು ನನ್ನ ಸುಮ್ನೆ ಬುಡ್ತಿದ್ರಾ? ಚೀಟಿ ಹೇಳದೆ ಅಂದ್ರೆ ಯಾರೂ ಬಾಯಿ ಬುಡಂಗಿಲ್ಲ." ತೂಬಿನ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದರು. "ನಮ್ಮಪ್ಪನ ಕಾಲ್ದಿಂದ ಟೇಲೆಂಡಿಗೆ ಮಿಕ್ಕಿದ್ ನೀರೇ ಬುಟ್ಟಿರಾದು. ಇಂತದೊಂದು ಚೀಟಿ ಬರ್ಲಿ ಅಂತ ಎಷ್ಟೊರ್ಸದಿಂದ ಕಾದಿದ್ನೋ."

ಆಮೇಲೆ ಅವರೇ ಕೇಳಿದರು. "ಮೂರ್ ದಿನದ್ ನೀರೆಲ್ಲ ಬಿರುಕೇ ಕುಡ್ಕಬುಡ್ತು. ಇನ್ನೊಂದ್ ಗಂಟೆ ಆದ್ರೆ ಕೆಸರಾಯ್ತದೆ, ನಾಟಿ ಮಾಡ್ಕತಾಳೆ. ಆ ತಪ್ಪ ನಾಳಿಕ್ಕೊಂದಿನ ಅಂಗೇ ಮಡಗಕ್ಕೆ ಆದಾತಾ ಅವ್ವ?"

ತಪ್ಪು ಕಂಡರೆ ಅದನ್ನು ಕೊಲ್ಲುವ ತನಕ ನಿದ್ದೆ ಮಾಡದವಳು ನಾನು. ವಿದ್ಯಾರ್ಥಿಗಳನ್ನು ಬಿಟ್ಟುಹೋದ ಒಂದು ಅರ್ಧವಿರಾಮಕ್ಕೆ ಬೈದವಳು. ಅಂದು ಬೆಳಕಿರುವಾಗಲೇ ಕೋಣೆಗೆ ವಾಪಸ್ ಹೋಗಿ, ಸರಿಮಾಡಿದ ಸಾಲನ್ನು ನನ್ನ ಕೈಯಾರೆ ಮತ್ತೆ ಕೆಳಕ್ಕೆ ಇಳಿಸಿದೆ.

ನಾಲ್ಕನೇ ದಿನ ಚೀಟಿ ಬಂತು. ಕಾಲೇಜಿಗೆ ರಜೆ ಹಾಕಿ ಟೇಲೆಂಡಿಗೆ ನಡೆದುಕೊಂಡು ಹೋದೆ. ಅಷ್ಟು ದೂರ ನಾನು ಅದಕ್ಕೆ ಮುಂಚೆ ಹೋಗಿಯೇ ಇರಲಿಲ್ಲ. ನೀರು ಗದ್ದೆಯೊಳಗೆ ನುಗ್ಗುತ್ತಿತ್ತು, ಮಣ್ಣು ಕೆಸರಾಗಿ ಗುಳ್ಳೆ ಏಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳೂ ನಾಲ್ಕು ಜನ ಹೆಂಗಸರೂ ಸಾಲಾಗಿ ಬಗ್ಗಿ ನೆಡುತ್ತಿದ್ದರು. ನನ್ನನ್ನು ಕಂಡು ಮೊಣಕಾಲುದ್ದ ಕೆಸರಲ್ಲಿ ಬದುವಿನವರೆಗೂ ಬಂದಳು.

"ಕಂಪ್ಯೂಟ್ರಿಗೆ ನನ್ನ ಗೆದ್ದೆ ಗೊತ್ತದೆ ಅಲ್ವಾ ಮೇಡಂ? ಇಲ್ಲೀಗಂಟ ಯಾರ್ಗೂ ಗೊತ್ತಿರ್ನಿಲ್ಲ" ಎಂದಳು.

"ಗೊತ್ತಿದೆ" ಎಂದೆ.

ಸಂಜೆ ಕೋಣೆಗೆ ಹೋಗಿ ಆ ಸಾಲನ್ನು ಮತ್ತೆ ಮೇಲಕ್ಕೆ ಸರಿಸಿದೆ. ಎಲ್ಲ ಸರಿಯಾಯಿತು. ಅವಳು ಮತ್ತೆ ಕೊನೆಯವಳಾದಳು.